ಒಂದು ಕೃತಿ, ಒಂದು ಲೆಕ್ಕದ ಪುಸ್ತಕ, ಮೂರು ತಿಂಗಳು

ಸಂಗೀತ ಕಛೇರಿಗಳ ವಿಮರ್ಶೆ ಬರೆಯಲು ಶುರು ಮಾಡಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಹಾಡುವವರ ಬಗ್ಗೆ ಸಲೀಸಾಗಿ ಬರೆಯುತ್ತಿದ್ದೆ. ಮಾತು, ರಾಗ ಎರಡನ್ನೂ ಕಟ್ಟುವ ವಾಗ್ಗೇಯಕಾರರ ಬಗ್ಗೆ ಬರೆಯಲು ಕೂತರೆ ಮಾತ್ರ ‘ಭಾವಪೂರ್ಣ’, ‘ರಸಭರಿತ’ ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ. ಒಮ್ಮೆ ಮೈಸೂರು ವಾಸುದೇವಾಚಾರ್ಯರ ಬಗ್ಗೆ ಉಪನ್ಯಾಸ ಕೊಟ್ಟೆ. ಅರಮನೆ, ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಹತ್ತಿರದ ಗುರುಕುಲವಾಸ, ಎಲ್ಲ ಹೇಳಿದೆ. ಕೊನೆಗೆ ಹಿರಿಯರೊಬ್ಬರು ಎದ್ದು, ‘ಅವರ ರಚನೆ ಯಾಕೆ ಚೆಂದ ಅಂತ ಒಂದು ಮಾತೂ ಬರಲಿಲ್ಲವಲ್ಲಪ್ಪ’ ಅಂದರು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಆಮೇಲೆ ಮಕ್ಕಳ ಚೌಕುಳಿ ಗೆರೆಯ ಲೆಕ್ಕದ ಪುಸ್ತಕ ತಂದೆ. ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, 32 ಮನೆ. ಖಮಾಸ್ ರಾಗದಲ್ಲಿ ಆಚಾರ್ಯರು ಮಾಡಿದ ‘ಬ್ರೋಚೇವಾರೆವರುರಾ’ ತೆಗೆದುಕೊಂಡು ಅಕ್ಷರ ಅಕ್ಷರವಾಗಿ ತುಂಬಿದೆ. ಮೂರು ತಿಂಗಳು ಅದೊಂದೇ. ‘ವಿಮರ್ಶಕನಿಗೆ ಕಿವಿ ಸಾಕು, ಇದೆಲ್ಲ ಗುಮಾಸ್ತನ ಕೆಲಸ’ ಅಂದರು ಗೆಳೆಯರು.

ಮೊದಲ ತಿಂಗಳು ಪೂರ್ತಿ ದಂಡ. ರಾಗದ ಸಂಚಾರವನ್ನಷ್ಟೇ ಗುರುತು ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಸಾಹಿತ್ಯದ ಕಡೆ ಕಣ್ಣು ಹೋಯಿತು. ಪಲ್ಲವಿ ‘ಬ್ರೋಚೇ’, ಅನುಪಲ್ಲವಿ ‘ಓ ಚತು’, ಅದರ ಮುಂದಿನ ಸಾಲು ‘ನೀ ಚರಿ’. ಎರಡನೇ ಅಕ್ಷರಕ್ಕೆ ಮೂರು ಕಡೆಯೂ ಚಕಾರ! ದ್ವಿತೀಯಾಕ್ಷರ ಪ್ರಾಸ ನಮಗೆಲ್ಲ ಗೊತ್ತಿರುವುದೇ. ಆದರೆ ಚರಣದಲ್ಲಿ ‘ಭಾಸುರ’ಕ್ಕೆ ಜೋಡಿಯಾಗಿ ‘ವಾಸುದೇವ’ ಬಂದು ಕೂರುತ್ತದೆ ನೋಡಿ, ಅಲ್ಲಿದೆ ಆಚಾರ್ಯರ ಕೈಚಳಕ. ಆನೆಯನ್ನು ಕಾಪಾಡಿದ ದೇವರ ಹೆಸರೂ ಅದೇ, ರಚಿಸಿದವರ ಗುರುತಾದ ಅಂಕಿತವೂ ಅದೇ, ಪ್ರಾಸವೂ ಅದೇ. ಎಲ್ಲೂ ಹೊಲಿಗೆ ಕಾಣುವುದಿಲ್ಲ. ಅಂಕಿತವನ್ನು ಕೊನೆಗೆ ಸುಮ್ನೆ ಅಂಟಿಸಿದ ಎಷ್ಟೋ ಹೊಸ ರಚನೆಗಳನ್ನು ಕೇಳಿದ್ದೇನೆ. ವ್ಯತ್ಯಾಸ ಕಿವಿಗೆ ತಟ್ಟನೆ ಗೊತ್ತಾಗುತ್ತದೆ.

ಖರ್ಚು? ಒಂದು ವಿಮರ್ಶೆಗೆ ಆಗ ನಾನೂರು ರೂಪಾಯಿ ಬರುತ್ತಿತ್ತು. ನಾನು ಸುರಿದದ್ದು ಮೂವತ್ತೈದು ಸಾವಿರದ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಒಬ್ಬ ವೀಣೆಯವರಿಗೆ ಹೋಯಿತು. ಮಾತಿಲ್ಲದೆ ಬರೀ ಧಾತು, ಅಂದರೆ ಸ್ವರದ ಭಾಗ, ನುಡಿಸಿಸಿ, ಯಾವ ಸಂಗತಿ (ಒಂದೇ ಸಾಲನ್ನು ಬೆಳೆಸಿ ಹಾಡುವ ರೂಪ) ಮಾತಿನ ಬಲದಿಂದ ನಿಂತಿದೆ, ಯಾವುದು ಸ್ವರದ ಬಲದಿಂದ ಅಂತ ಬೇರೆ ಮಾಡುತ್ತಿದ್ದೆ. ಅದಕ್ಕೆ ನಾನು ಬಳಸುವ ಬಣ್ಣದ ಗುರುತುಗಳನ್ನು ಸದ್ಯಕ್ಕೆ ಹೇಳುವುದಿಲ್ಲ. ಅದರ ಮೇಲೆ ಕೆಲಸ ನಡೆದಿದೆ.

ನಡುವೆ ಇನ್ನೊಬ್ಬ ವಾಗ್ಗೇಯಕಾರ ಮುತ್ತಯ್ಯ ಭಾಗವತರ ಕಡೆಗೂ ಹೋಗಿದ್ದೆ. ತಮಿಳುನಾಡಿನ ಹರಿಕೇಶನಲ್ಲೂರಿನವರು ಚಾಮುಂಡಿಯ ಮೇಲೆ ಕನ್ನಡದಲ್ಲಿ 108 ಕೃತಿ ಮಾಡಿದರು. ನಮ್ಮ ಆಚಾರ್ಯರು ಮೈಸೂರಿನಲ್ಲಿದ್ದುಕೊಂಡು ತೆಲುಗು, ಸಂಸ್ಕೃತ ಹಿಡಿದರು. ಭಾಗವತರ ‘ಭುವನೇಶ್ವರಿಯ’ ಇದೆಯಲ್ಲ, ಅದರ ರಾಗ ಮೋಹನಕಲ್ಯಾಣಿ. ಹತ್ತುವಾಗ ಮೋಹನ, ಇಳಿಯುವಾಗ ಕಲ್ಯಾಣಿ. ಹೊಸ ರಾಗ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು, ಇಳಿಯುವಾಗ ಮಾತ್ರ ಸಿಗುವ ಆ ಪ್ರತಿಮಧ್ಯಮವನ್ನು, ಅಂದರೆ ಏರಿದ ‘ಮ’ ಸ್ವರವನ್ನು, ಅವರು ನಮ್ಮನ್ನು ಕಾಯುವಂತೆ ಮಾಡಿ ಕೊಡುವ ರೀತಿ. ಆಚಾರ್ಯರ ಕೃತಿಯನ್ನು ಪ್ರಾಸ ಉಳಿಸಿ ಕನ್ನಡಕ್ಕೆ ತರಲೂ ನೋಡಿದೆ. ಆಗಲಿಲ್ಲ. ಅರ್ಥ ಬಂತು, ಚಕಾರ ಹೋಯಿತು, ಹಾಡು ಕುಸಿಯಿತು.

ಮತ್ತೆ ಅದೇ ಸಭೆಯಲ್ಲಿ ಒಂದೂವರೆ ಗಂಟೆ ಆ ಒಂದೇ ಕೃತಿಯ ಬಗ್ಗೆ ಮಾತಾಡಿದೆ. ಒಬ್ಬರೂ ಎದ್ದು ಹೋಗಲಿಲ್ಲ. ಆ ಹಿರಿಯರು ಪುಸ್ತಕ ಇಸಿದುಕೊಂಡು ಹೋದರು, ಇನ್ನೂ ವಾಪಸ್ ಕೊಟ್ಟಿಲ್ಲ. ಈಗ ಜಯಚಾಮರಾಜೇಂದ್ರ ಒಡೆಯರ 94 ಕೃತಿಗಳಿಗೆ ಕೈ ಹಾಕಿದ್ದೇನೆ. ಆರು ಮುಗಿದಿವೆ.