ಬೋರ್‌ಗೆ ಬಿದ್ದ ರೆಂಚು, ನಾನು ಸುತ್ತಿದ ಮ್ಯಾಗ್ನೆಟ್

ಮಂಡ್ಯದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಹೋದ ಬೇಸಿಗೆಯಲ್ಲಿ ಕೆರಗೋಡು ಕಡೆಯ ಒಂದು ತೋಟದಲ್ಲಿ ಪಂಪ್ ಮೇಲೆತ್ತಿದ ಮೇಲೆ 18 ಇಂಚಿನ ಪೈಪ್ ರೆಂಚ್ ಕೈಜಾರಿ ಬೋರ್ ಒಳಗೆ ಬಿತ್ತು. ಸುಮಾರು 210 ಅಡಿಯಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಪಂಪ್ ಕೂರಬೇಕಾದ್ದು 300 ಅಡಿಯಲ್ಲಿ. ನೋಡಿದವರೆಲ್ಲ ಹೊಸ ಬೋರ್ ಹೊಡೆಸಿ ಅಂದರು. ಅದಕ್ಕೆ ಲಕ್ಷದ ಮೇಲೆ ಬೇಕು, ನೀರು ಸಿಗುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ಕಬ್ಬು ಕಣ್ಮುಂದೆ ಒಣಗುತ್ತಿತ್ತು.

ಮೊದಲು ಹಳೆ ಸ್ಪೀಕರ್ ಮ್ಯಾಗ್ನೆಟ್ ಇಳಿಸಿದೆವು. ಇಪ್ಪತ್ತು ಅಡಿಗೇ ಬೋರ್ ಒಳಗೆ ಕೂರಿಸಿದ ಕಬ್ಬಿಣದ ಪೈಪಿಗೆ, ಅಂದರೆ ಕೇಸಿಂಗ್‌ಗೆ ಪಟ್ ಅಂತ ಅಂಟಿಕೊಂಡಿತು. ಕೆಳಗೆ ಹೋದ ಮೇಲೆ ಮಾತ್ರ ಜೀವ ಬರೋ ಮ್ಯಾಗ್ನೆಟ್, ಅಂದರೆ ಕಬ್ಬಿಣಕ್ಕೆ ತಂತಿ ಸುತ್ತಿ ಕರೆಂಟ್ ಕೊಟ್ಟಾಗಷ್ಟೇ ಹಿಡಿಯೋ ಮ್ಯಾಗ್ನೆಟ್ ಬೇಕು ಅಂತ ಆಗಲೇ ಹೊಳೆಯಿತು. "ನೀರೊಳಗೆ ಕಾಯಿಲ್ ಇಳಿಸ್ತೀಯಾ?" ಅಂತ ಪಕ್ಕದ ಅಂಗಡಿಯವರು ನಕ್ಕರು. ಸಬ್‌ಮರ್ಸಿಬಲ್ ಮೋಟಾರಿನ ವೈರು ವರ್ಷಗಟ್ಟಲೆ ನೀರಲ್ಲೇ ಇರುತ್ತೆ ಅಲ್ವಾ!

ಮೊದಲನೇ ಮ್ಯಾಗ್ನೆಟ್ ಕೆಟ್ಟಿತು. ಕೋರ್‌ಗೆ (ಕಾಯಿಲ್ ನಡುವಿನ ಕಬ್ಬಿಣಕ್ಕೆ) ಹಳೆ ಆಕ್ಸಲ್ ತುಂಡು ಹಾಕಿದ್ದೆ. ಗಟ್ಟಿ ಉಕ್ಕು, ಕರೆಂಟ್ ತೆಗೆದರೂ ಹಿಡಿದದ್ದನ್ನು ಬಿಡಲಿಲ್ಲ. ಎರಡನೆಯದಕ್ಕೆ ಮೆತ್ತನೆ ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಹಾಕಿದೆ. ಬಿಡ್ತು, ಆದರೆ ಹಿಡಿತವೇ ಸಾಲದು. ಕಾಯಿಲ್ ಸುತ್ತ ಎಂಎಸ್ ಪೈಪಿನ ತುಂಡು ಕೂರಿಸಿ, ಮೇಲುಗಡೆ ಪ್ಲೇಟ್ ವೆಲ್ಡ್ ಮಾಡಿ ಕೋರ್‌ಗೆ ಸೇರಿಸಿದ ಮೇಲೆ ಶಕ್ತಿ ಬಂತು. ಅಂಗಡಿಯಲ್ಲಿ 30 ಕೆಜಿ ಪ್ಲೇಟ್ ಎತ್ತಿ ತೋರಿಸಿದೆ. ನಕ್ಕವರು ಸುಮ್ಮನಾದರು.

550 ಸುತ್ತು ಇರಬೇಕು, ಮುಕ್ಕಾಲು ಕೆಜಿ ತಾಮ್ರ. ಮೂರು ಸಲ ಸುತ್ತಿದ್ದಕ್ಕೆ, ವೆಲ್ಡಿಂಗ್ ಸೇರಿ ಆರೇಳು ಸಾವಿರ ಹೋಯಿತು. ಬ್ಯಾಟರಿ ಬದಲು ಎಸಿ ಕರೆಂಟ್ ಕೊಟ್ಟೂ ನೋಡಿದೆ. ಗುಂಯ್ ಅಂತ ನಡುಗಿ ಕೋರ್ ಕಾದುಹೋಯಿತು. ಸ್ಟಾರ್ಟರ್ ಕಾಯಿಲ್‌ನ ಕೋರಿಗೆ ಕಾಯದಿರಲು ಪದರ ಪದರ ತಗಡು, ನಡುಗದಿರಲು ಮುಖಕ್ಕೆ ತಾಮ್ರದ ಉಂಗುರ ಯಾಕೆ ಹಾಕ್ತಾರೆ ಅಂತ ಅವತ್ತು ಕೈಗೇ ಗೊತ್ತಾಯಿತು.

ಒಂದು ಭಾನುವಾರ ಸುಮ್ನೆ ವಿಶ್ವೇಶ್ವರಯ್ಯ ನಾಲೆಯ ಮರಳಿಗೆ ಇಳಿಸಿ ನೋಡಿದೆ. ಕಪ್ಪು ಪುಡಿ ಗಡ್ಡದ ಹಾಗೆ ಅಂಟಿತು. ಸ್ವಿಚ್ ತೆಗೆದಾಗ ಬಹುಪಾಲು ಉದುರಿತು.

ತೋಟದಲ್ಲಿ ಮೊದಲ ದಿನ ರೆಂಚು ಹತ್ತಲೇ ಇಲ್ಲ. ಕರೆಂಟ್ ಅಳೆಯೋ ಟಾಂಗ್ ಟೆಸ್ಟರ್ ಹಾಕಿದೆ. ಅಂಗಡಿಯಲ್ಲಿ 6 ಆಂಪ್ಸ್ ಎಳೆದದ್ದು ಇಲ್ಲಿ ಮೂರೂವರೆ. ಉದ್ದ ಕೇಬಲ್ ಅರ್ಧ ತಿಂದಿತ್ತು. ಒಂದೂವರೆ ಸ್ಕ್ವೇರ್ (ಚದರ ಮಿ.ಮೀ.) ವೈರಿನ ಬದಲು ದಪ್ಪದ ಎರಡೂವರೆ ತಂದೆ, ಎರಡು ಟ್ರಾಕ್ಟರ್ ಬ್ಯಾಟರಿ ಸೀರೀಸ್ ಮಾಡಿದೆ. 8 ಆಂಪ್ಸ್ ಬಂತು. ಸ್ವಿಚ್ ತೆಗೆದಾಗ ಕಾಯಿಲ್ ಜೋರು ವೋಲ್ಟೇಜ್ ಒದೆಯುತ್ತೆ, ಅದನ್ನು ತಡೆಯೋ ಡಯೋಡ್ ಮರೆಯಬೇಡಿ. ನನ್ನ ಒಂದು ಸ್ವಿಚ್ ಸುಟ್ಟಿದೆ. ಮೇಲೆ ಬರುವಾಗ ಕೇಸಿಂಗ್‌ಗೆ ಅಂಟದಿರಲು ಹೊರಗೆ ಪಿವಿಸಿ ಪೈಪಿನ ಕವಚ ಹಾಕಿದ್ದೆ. ಮುಖವನ್ನು ಹೇಗೆ ಕಡೆದೆ, ಒಳಗೆ ಏನು ಸುರಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಹಗ್ಗ ಭಾರವಾದದ್ದು ಬೆರಳಿಗೆ ಗೊತ್ತಾಯಿತು. ಯಾರೂ ಮಾತಾಡಲಿಲ್ಲ. ಇಂಚಿಂಚೇ ಎಳೆದೆವು. ರೆಂಚಿನ ಕೆಸರು ಮೆತ್ತಿದ ಹಿಡಿ ಬೋರ್ ಬಾಯಿಗೆ ಬಂದಾಗ ತೋಟದವರು ಎರಡೂ ಕೈಯಿಂದ ಹಿಡಿದುಕೊಂಡರು. ಸಂಜೆಗೆ ಪಂಪ್ ಇಳಿಸಿದೆವು, ಕಬ್ಬಿಗೆ ನೀರು ಹರಿಯಿತು.

ಆಮೇಲೆ ಇನ್ನೂ ಎರಡು ಬೋರ್‌ನಿಂದ ಕಬ್ಬಿಣ ಎತ್ತಿದ್ದೇನೆ. ಮೊನ್ನೆ ಮದ್ದೂರಿನಿಂದ ಒಬ್ಬರು ಕರೆದರು, ಬಿದ್ದಿರುವುದು ಸ್ಟೇನ್ಲೆಸ್ ಸ್ಟೀಲ್ ಬಾಡಿ ಪಂಪ್ ಅಂದರು. ತುಕ್ಕು ಹಿಡಿಯದ ಆ ಸ್ಟೀಲು ಸಾಮಾನ್ಯವಾಗಿ ಮ್ಯಾಗ್ನೆಟ್‌ಗೆ ಹತ್ತಲ್ಲ, ಬರಲ್ಲ ಅಂತ ಹೇಳಿದೆ.