ಕಾಣೆಯಾದ ಕೋಡ್ ಹುಡುಕಿದ್ದು: ಸಾಫ್ಟ್‌ವೇರ್ ಹೆರಿಟೇಜ್‌ನಲ್ಲಿ ನನ್ನ ಅನುಭವ

ನಾನು ನೋಡಿಕೊಳ್ಳುವ ಪ್ರೋಗ್ರಾಮ್‌ಗಳಲ್ಲಿ ಒಂದು ತುಂಬಾ ಹಳೆಯದು. ಅಳತೆ ಯಂತ್ರಗಳು ಕೊಡುವ ಡೇಟಾ ಫೈಲ್‌ಗಳನ್ನು ಓದಿ ಬೇರೆ ರೂಪಕ್ಕೆ ಬದಲಾಯಿಸುವುದು ಅದರ ಕೆಲಸ. ಅದರೊಳಗೆ ಯಾರೋ ಬರೆದು ಓಪನ್ ಸೋರ್ಸ್ ಆಗಿ ಬಿಟ್ಟಿದ್ದ ಒಂದು ಚಿಕ್ಕ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇದೆ, ಸಿ ಭಾಷೆಯದ್ದು. ಕಂಪೈಲ್ ಆದ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ಬದಲಾದ ಲೈಬ್ರರಿ ನಮ್ಮಲ್ಲಿತ್ತು. ಸೋರ್ಸ್, ಅಂದರೆ ಮನುಷ್ಯರು ಬರೆದ ಮೂಲ ಕೋಡ್, ಅಂತ ಉಳಿದಿದ್ದು ಒಂದೇ ಫೈಲ್. ಹೊಸ ಯಂತ್ರಕ್ಕೆ ಮತ್ತೆ ಕಂಪೈಲ್ ಮಾಡಬೇಕಾದಾಗ ಪೂರ್ತಿ ಸೋರ್ಸ್ ಬೇಕಾಯಿತು. ಫೈಲ್‌ನ ತಲೆಯಲ್ಲಿದ್ದ ವಿಳಾಸ ತೆರೆಯಲೇ ಇಲ್ಲ.

ಕೋಡ್ ಇಟ್ಟುಕೊಳ್ಳುವ ತಾಣಗಳು ಶಾಶ್ವತ ಅಲ್ಲ. ಗಿಟೋರಿಯಸ್ 2015ರಲ್ಲಿ ಮುಚ್ಚಿತು. ಗೂಗಲ್ ಕೋಡ್‌ನ ಹೋಸ್ಟಿಂಗ್ 2016ರ ಜನವರಿಯಲ್ಲಿ ನಿಂತಿತು. ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ (ಗಿಟ್‌ನ ಹಾಗೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಾಧನ) ರೆಪೊಸಿಟರಿಗಳನ್ನು, ಅಂದರೆ ಇತಿಹಾಸದ ಸಮೇತ ಕೋಡ್ ಇಟ್ಟ ಸಂಗ್ರಹಗಳನ್ನು, ಕೈಬಿಟ್ಟಿತು. ಇವುಗಳಲ್ಲಿದ್ದ ಎಷ್ಟೋ ಚಿಕ್ಕ ಪ್ರಾಜೆಕ್ಟ್‌ಗಳ ಮಾಲೀಕರು ಆ ಹೊತ್ತಿಗೆ ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಕೋಡ್ ಎತ್ತಿಕೊಂಡು ಬೇರೆ ಕಡೆ ಇಡಲು ಯಾರೂ ಇರಲಿಲ್ಲ. ಸಾಫ್ಟ್‌ವೇರ್ ಹೆರಿಟೇಜ್ ಬೇಕಾಗುವುದು ಇಲ್ಲೇ. ಫ್ರಾನ್ಸ್‌ನ ಸಂಶೋಧನಾ ಸಂಸ್ಥೆ ಇನ್ರಿಯಾ 2016ರಲ್ಲಿ ಇದನ್ನು ಶುರು ಮಾಡಿತು. ಯುನೆಸ್ಕೋ ಕೂಡ ಜೊತೆಗಿದೆ. ಬಹಿರಂಗವಾಗಿ ಸಿಗುವ ಸೋರ್ಸ್ ಕೋಡನ್ನು ಅದರ ಇತಿಹಾಸದ ಸಮೇತ ಎತ್ತಿಡುವುದು ಇವರ ಕೆಲಸ. ಈಗ ಅಲ್ಲಿ 30 ಕೋಟಿಗೂ ಜಾಸ್ತಿ ಪ್ರಾಜೆಕ್ಟ್‌ಗಳಿವೆ.

ಇಷ್ಟು ದೊಡ್ಡ ಸಂಗ್ರಹ ಅಂದ ಮೇಲೆ ಫಂಕ್ಷನ್ ಹೆಸರು ಟೈಪ್ ಮಾಡಿದರೆ ಕೋಡ್ ಸಿಗುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಸಿಗುವುದಿಲ್ಲ. ಅಲ್ಲಿನ ಹುಡುಕುವ ಪೆಟ್ಟಿಗೆ ಫೈಲ್‌ಗಳ ಒಳಗಿನ ಪದಗಳನ್ನು ನೋಡುವುದಿಲ್ಲ. ಅದು ನೋಡುವುದು ಕೋಡ್ ಮೊದಲು ಇದ್ದ ವಿಳಾಸವನ್ನು. ಬೇಕಿದ್ದರೆ ವಿಳಾಸದ ಬದಲು ಪ್ರಾಜೆಕ್ಟ್ ತನ್ನ ಬಗ್ಗೆ ಕೊಟ್ಟುಕೊಂಡ ವಿವರಗಳಲ್ಲಿ ಹುಡುಕು ಅಂತ ಹೇಳಬಹುದು. ಹಾಗಾಗಿ ಇಲ್ಲಿ ಅರ್ಧ ಕೆಲಸ ಎಂದರೆ ಹಳೆಯ ವಿಳಾಸ ಪತ್ತೆ ಮಾಡುವುದು.

ನಮ್ಮ ಫೈಲ್‌ನಲ್ಲಿದ್ದದ್ದು ಪ್ರಾಜೆಕ್ಟ್‌ನ ಮುಖಪುಟದ ವಿಳಾಸ, ರೆಪೊಸಿಟರಿಯದ್ದಲ್ಲ. ಅದನ್ನು ಪೂರ್ತಿ ಹಾಕಿದರೆ ಏನೂ ಬರಲಿಲ್ಲ. ಬರೀ ಪ್ರಾಜೆಕ್ಟ್ ಹೆಸರು ಹಾಕಿದಾಗ ಉದ್ದದ ಪಟ್ಟಿಯೇ ಬಂತು. ನಾನು ಯಾವಾಗಲೂ ಹೆಸರಿನ ತುಂಡಿನಿಂದಲೇ ಶುರು ಮಾಡುವುದು ಇದಕ್ಕೇ. ಆಮೇಲೆ ಗಿಟ್, ಸಬ್‌ವರ್ಷನ್, ಮರ್ಕ್ಯುರಿಯಲ್ ಅಂತ ಬಗೆ ಆರಿಸಿ ಪಟ್ಟಿ ಸಣ್ಣದು ಮಾಡುತ್ತೇನೆ. ಒಳಗೆ ಏನೂ ಇಲ್ಲದ ನಮೂದುಗಳನ್ನು ಬಿಟ್ಟುಬಿಡು ಅನ್ನುವ ಆಯ್ಕೆಯೂ ಇದೆ, ಅದನ್ನು ಹಾಕಿಯೇ ಇಡಿ.

ಪಟ್ಟಿಯಲ್ಲಿ ಬೇರೆಯವರು ಮಾಡಿಕೊಂಡ ಪ್ರತಿಗಳೇ ಜಾಸ್ತಿ ಇದ್ದವು. ಒಂದರ ವಿಳಾಸದಲ್ಲಿ ಮಾತ್ರ ಮೂಲ ಲೇಖಕರ ಹೆಸರಿತ್ತು. ತೆರೆದೆ. ಒಳಗೆ ಒಂದೇ ರೀಡ್‌ಮೀ ಫೈಲ್: ಈ ಪ್ರಾಜೆಕ್ಟ್ ಮುಗಿದಿದೆ ಅಂತ ಒಂದು ಸಾಲು. ಇಲ್ಲಿಗೆ ನಿಲ್ಲಿಸಿಬಿಡುವವರು ಬಹಳ. ಆದರೆ ಆರ್ಕೈವ್ ಒಂದು ವಿಳಾಸಕ್ಕೆ ಮತ್ತೆ ಮತ್ತೆ ಹೋಗಿ, ಪ್ರತಿ ಸಲ ಕಂಡದ್ದನ್ನು ಬೇರೆಯಾಗಿ ದಾಖಲಿಸುತ್ತದೆ. ನಾವು ತೆರೆದಾಗ ಕಾಣುವುದು ಕೊನೆಯ ಭೇಟಿಯದ್ದು ಮಾತ್ರ. ಮೇಲೆ ‘ವಿಸಿಟ್ಸ್’ ಅಂತ ಒಂದು ಟ್ಯಾಬ್ ಇದೆ. ಅದನ್ನು ಒತ್ತಿದರೆ ಯಾವ ವರ್ಷ, ಯಾವ ದಿನ ಬಂದಿದ್ದರು ಅನ್ನುವುದು ಕಾಣುತ್ತದೆ. ಹಿಂದಿನ ಒಂದು ಭೇಟಿಯ ಮೇಲೆ ಕ್ಲಿಕ್ ಮಾಡಿದೆ. ಪೂರ್ತಿ ಕೋಡ್ ಅಲ್ಲೇ ಇತ್ತು. ಫೋಲ್ಡರ್‌ಗಳು, ಕಮಿಟ್‌ಗಳು (ದಾಖಲಾದ ಒಂದೊಂದು ಬದಲಾವಣೆ), ಬಿಡುಗಡೆಗಳ ಟ್ಯಾಗ್‌ಗಳು, ಎಲ್ಲವೂ. ಆ ಕ್ಷಣದ ಖುಷಿ ಹೇಳತೀರದು.

ಆದರೆ ನಮ್ಮ ಪ್ರೋಗ್ರಾಮ್ ಬಳಸುತ್ತಿದ್ದದ್ದು ಯಾವ ಆವೃತ್ತಿ? ಫೈಲ್‌ನಲ್ಲಿ ಅದನ್ನು ಬರೆದಿರಲಿಲ್ಲ. ಇಲ್ಲಿ ಸಹಾಯಕ್ಕೆ ಬಂದದ್ದು ಹ್ಯಾಶ್, ಅಂದರೆ ಫೈಲ್‌ನ ಒಳಗಿನದ್ದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಒಂದು ಸಂಖ್ಯೆ. ಆರ್ಕೈವ್‌ನ ಪ್ರತಿ ಫೈಲ್‌ಗೆ, ಫೋಲ್ಡರ್‌ಗೆ, ಕಮಿಟ್‌ಗೆ ಒಂದೊಂದು ಗುರುತು ಇರುತ್ತದೆ. ಅದನ್ನು ಎಸ್‌ಡಬ್ಲ್ಯೂಎಚ್‌ಐಡಿ ಅನ್ನುತ್ತಾರೆ. ಕೊನೆಯ 40 ಅಕ್ಷರಗಳು ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿದ್ದು. ಫೈಲ್‌ಗೆ ಗಿಟ್ ಹಾಕುವ ಲೆಕ್ಕವೇ ಇಲ್ಲಿಯೂ ಇದೆ. ಅದಕ್ಕೇ ‘ಗಿಟ್ ಹ್ಯಾಶ್-ಆಬ್ಜೆಕ್ಟ್’ ಅಂತ ಕೊಟ್ಟರೆ ನಮ್ಮ ಯಂತ್ರದಲ್ಲೇ ಆ ಸಂಖ್ಯೆ ಸಿಗುತ್ತದೆ. ಫೈಲ್‌ನ ಹೆಸರು ಈ ಲೆಕ್ಕಕ್ಕೆ ಸೇರುವುದಿಲ್ಲ. ಹೆಸರು ಬದಲಾಯಿಸಿದ್ದರೂ ಒಳಗಿನದ್ದು ಒಂದೇ ಆಗಿದ್ದರೆ ಸಂಖ್ಯೆ ಅದೇ. ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಬೇರೆ.

ಹುಡುಕುವ ಪೆಟ್ಟಿಗೆ ವಿಳಾಸದ ಬದಲು ಇಂಥ ಗುರುತನ್ನೂ ಒಪ್ಪುತ್ತದೆ. ಸಂಖ್ಯೆ ತೆಗೆದು, ಅದರ ಮೊದಲಿಗೆ ‘swh:1:cnt:’ ಸೇರಿಸಿ ಪೆಟ್ಟಿಗೆಯಲ್ಲಿ ಹಾಕಿದೆ. ಇಲ್ಲ ಅಂದಿತು. ಫೈಲನ್ನು ಸಾಲು ಸಾಲಾಗಿ ನೋಡಿದರೆ ಕೋಡ್‌ನಲ್ಲಿ ಯಾರೂ ಕೈಯಾಡಿಸಿದ ಹಾಗೆ ಕಾಣಲಿಲ್ಲ. ಕಾರಣ ಕಣ್ಣಿಗೆ ಕಾಣದ ಜಾಗದಲ್ಲಿತ್ತು. ಫೈಲ್ ಯಾವಾಗಲೋ ವಿಂಡೋಸ್ ಯಂತ್ರವೊಂದನ್ನು ಹಾದು ಬಂದಿತ್ತು. ಪ್ರತಿ ಸಾಲಿನ ಕೊನೆಗೂ ಒಂದು ಹೆಚ್ಚುವರಿ ಬೈಟ್ ಸೇರಿಕೊಂಡಿತ್ತು. ‘ಡಾಸ್‌ಟುಯುನಿಕ್ಸ್’ ಅನ್ನುವ ಚಿಕ್ಕ ಪ್ರೋಗ್ರಾಮ್ ಓಡಿಸಿ ಸಾಲಿನ ಕೊನೆಗಳನ್ನು ಸರಿ ಮಾಡಿ ಮತ್ತೆ ಹ್ಯಾಶ್ ತೆಗೆದೆ. ಈ ಸಲ ಫೈಲ್ ಎದುರಿಗೆ ಬಂತು. ಅಂದರೆ ನಮ್ಮ ಪ್ರತಿ ಮೂಲ ಲೇಖಕರು ಬಿಟ್ಟಿದ್ದೇ, ನಡುವೆ ಯಾರೂ ತಿದ್ದಿಲ್ಲ.

ಒಂದೇ ಫೈಲ್ ಸಾವಿರ ಪ್ರಾಜೆಕ್ಟ್‌ಗಳಲ್ಲಿದ್ದರೂ ಆರ್ಕೈವ್ ಅದನ್ನು ಒಂದೇ ಸಲ ಇಟ್ಟುಕೊಳ್ಳುತ್ತದೆ. ಹಾಗಾಗಿ ಬರೀ ಫೈಲ್‌ನ ಗುರುತು ಕೊಟ್ಟರೆ ಅದು ಯಾವ ಆವೃತ್ತಿಯದ್ದು ಅನ್ನುವುದು ಅಲ್ಲೇ ಗೊತ್ತಾಗುವುದಿಲ್ಲ. ಅದಕ್ಕೆ ಡೌನ್‌ಲೋಡ್ ಗುಂಡಿ ಒತ್ತಿ ಇತಿಹಾಸದ ಸಮೇತ ಗಿಟ್ ರೂಪದಲ್ಲಿ ಕೇಳಿದೆ. ಕೇಳಿದ ಮೇಲೆ ಅವರ ಕಡೆ ಅದನ್ನು ಕಟ್ಟಿ ಸಿದ್ಧ ಮಾಡಬೇಕು, ಸ್ವಲ್ಪ ಕಾಯಬೇಕಾಗುತ್ತದೆ. ಬಂದ ಮೇಲೆ ‘ಗಿಟ್ ಲಾಗ್’ ಜೊತೆ ‘ಫೈಂಡ್-ಆಬ್ಜೆಕ್ಟ್’ ಆಯ್ಕೆಗೆ ಅದೇ ಹ್ಯಾಶ್ ಕೊಟ್ಟೆ. ಆ ಫೈಲ್ ಆ ರೂಪದಲ್ಲಿ ಯಾವ ಕಮಿಟ್‌ನಲ್ಲಿ ಬಂತು, ಯಾವುದರಲ್ಲಿ ಹೋಯಿತು ಎಂಬುದು ಸಿಕ್ಕಿತು. ಆ ಎರಡರ ನಡುವೆ ಇದ್ದದ್ದು ಒಂದೇ ಬಿಡುಗಡೆ. ನಮ್ಮ ಆವೃತ್ತಿ ಅದೇ.

ವಿಳಾಸವೂ ಇಲ್ಲ, ಪ್ರಾಜೆಕ್ಟ್ ಹೆಸರೂ ಇಲ್ಲ, ಬರೀ ಒಂದು ಫಂಕ್ಷನ್ ಹೆಸರು ನೆನಪಿದೆ ಅಂದರೆ? ಆಗ ನಾನು ಮೊದಲು ಡೆಬಿಯನ್ ಕೋಡ್ ಸರ್ಚ್‌ಗೆ ಹೋಗುತ್ತೇನೆ. ಡೆಬಿಯನ್ ಒಂದು ಲಿನಕ್ಸ್ ವ್ಯವಸ್ಥೆ. ಅದರ ಪ್ಯಾಕೇಜ್‌ಗಳ ಸೋರ್ಸ್ ಒಳಗೆ ಈ ತಾಣ ಪದ ಹಿಡಿದು ಹುಡುಕುತ್ತದೆ, ರೆಗ್ಯುಲರ್ ಎಕ್ಸ್‌ಪ್ರೆಶನ್ (ಪದದ ಮಾದರಿ) ಕೂಡ ಕೊಡಬಹುದು. ಪ್ಯಾಕೇಜ್ ಸಿಕ್ಕಿದರೆ ಅದರ ‘ಡೆಬಿಯನ್’ ಫೋಲ್ಡರ್ ತೆರೆದು ‘ಕಾಪಿರೈಟ್’ ಮತ್ತು ‘ವಾಚ್’ ಫೈಲ್‌ಗಳನ್ನು ನೋಡುತ್ತೇನೆ. ಮೂಲ ಕೋಡ್ ಎಲ್ಲಿಂದ ತಂದರು ಅನ್ನುವ ವಿಳಾಸ ಸಾಮಾನ್ಯವಾಗಿ ಇವುಗಳಲ್ಲೇ ಇರುತ್ತದೆ. ಆ ವಿಳಾಸ ಹಿಡಿದು ಸಾಫ್ಟ್‌ವೇರ್ ಹೆರಿಟೇಜ್‌ಗೆ ಬರುವುದು. ‘ಪ್ಯಾಚಸ್’ ಫೋಲ್ಡರ್ ಇದ್ದರೆ ದಯವಿಟ್ಟು ಅದನ್ನು ಬಿಡಬೇಡಿ. ಮೂಲ ಲೇಖಕರು ನಿಲ್ಲಿಸಿದ ಮೇಲೂ ಡೆಬಿಯನ್‌ನವರು ಮಾಡಿದ ತಿದ್ದುಪಡಿಗಳು ಅಲ್ಲಿರುತ್ತವೆ. ಹೊಸ ಕಂಪೈಲರ್‌ಗೆ ಹೊಂದಿಸುವ ತಲೆನೋವನ್ನು ಎಷ್ಟೋ ಸಲ ಅವರೇ ಮುಗಿಸಿಟ್ಟಿರುತ್ತಾರೆ.

ಬಗ್ ವರದಿಗಳು, ವಿಕಿ ಪುಟಗಳು ಸಾಫ್ಟ್‌ವೇರ್ ಹೆರಿಟೇಜ್‌ನಲ್ಲಿ ಸಿಗುವುದಿಲ್ಲ. ಅದಕ್ಕೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ನೋಡಬೇಕು.

ಕೋಡ್ ಸಿಕ್ಕಿತು ಅಂದ ಮಾತ್ರಕ್ಕೆ ಬಳಸಿಕೊಳ್ಳಬಹುದು ಅಂತ ಅಲ್ಲ. ಆರ್ಕೈವ್ ಬಹಿರಂಗವಾಗಿ ಕಂಡದ್ದನ್ನು ಎತ್ತಿಡುತ್ತದೆ, ಅನುಮತಿ ಕೊಡುವುದು ಕೋಡ್‌ನ ಲೈಸೆನ್ಸ್. ನಾನು ‘ಕಾಪಿಯಿಂಗ್’ ಅಥವಾ ‘ಲೈಸೆನ್ಸ್’ ಫೈಲ್ ಜೊತೆಗೆ ಪ್ರತಿ ಫೈಲ್‌ನ ತಲೆಬರಹವನ್ನೂ ಓದುತ್ತೇನೆ. ಎರಡೂ ಒಂದೇ ಹೇಳಬೇಕು ಅಂತೇನೂ ಇಲ್ಲ.

ಬಳಸಿದ ಮೇಲೆ ಎಲ್ಲಿಂದ ತಂದೆ ಅಂತ ಬರೆದಿಡುವುದಕ್ಕೂ ಆ ಗುರುತನ್ನೇ ಬಳಸುತ್ತೇನೆ. ಬಲಗಡೆಯ ‘ಪರ್ಮಾಲಿಂಕ್ಸ್’ ಒತ್ತಿದರೆ ಅದು ಸಿಗುತ್ತದೆ. ಯಾವ ವಿಳಾಸ, ಯಾವ ಕಮಿಟ್, ಯಾವ ಫೋಲ್ಡರ್ ಅನ್ನುವುದನ್ನೂ ಜೊತೆಗೆ ಸೇರಿಸಿಕೊಳ್ಳಬಹುದು. ಫೈಲ್‌ನಲ್ಲಿ ಸಾಲಿನ ಸಂಖ್ಯೆಗಳ ಮೇಲೆ ಕ್ಲಿಕ್ ಮಾಡಿದ್ದರೆ ಆ ಸಾಲುಗಳೂ ಸೇರುತ್ತವೆ. ಅದನ್ನು ನಮ್ಮ ಬಿಲ್ಡ್ ಫೈಲ್‌ನ ಕಾಮೆಂಟ್‌ನಲ್ಲಿ ಹಾಕಿದ್ದೇನೆ. ಮೂಲ ತಾಣ ಹೋದರೂ ಅದು ತೋರಿಸುವ ಕೋಡ್ ಬದಲಾಗುವುದಿಲ್ಲ.

ಈ ಕೆಲಸ ಮುಗಿದ ಮೇಲೆ ನಮ್ಮ ಪ್ರೋಗ್ರಾಮ್ ನೆಚ್ಚಿಕೊಂಡಿರುವ ಉಳಿದ ಲೈಬ್ರರಿಗಳನ್ನೂ ಒಂದೊಂದಾಗಿ ಹುಡುಕಿದೆ. ದೊಡ್ಡ ತಾಣಗಳಲ್ಲಿರುವುದು ಬಹುತೇಕ ಆಗಲೇ ಸೇರಿತ್ತು. ಯಾರದೋ ಸ್ವಂತ ಸರ್ವರ್‌ನಲ್ಲಿದ್ದ ಕೆಲವು ಇರಲಿಲ್ಲ. ಅವಕ್ಕೆ ‘ಸೇವ್ ಕೋಡ್ ನೌ’ ಪುಟದಲ್ಲಿ ಬಗೆ ಆರಿಸಿ ರೆಪೊಸಿಟರಿಯ ವಿಳಾಸ ಕೊಟ್ಟೆ. ಅಕೌಂಟ್ ಕೂಡ ಬೇಕಿಲ್ಲ. ಪರಿಚಯವಿಲ್ಲದ ಸರ್ವರ್ ಆದರೆ ಅವರು ನೋಡಿ ಒಪ್ಪುವ ತನಕ ಕೋರಿಕೆ ಬಾಕಿ ಅಂತ ತೋರಿಸುತ್ತದೆ. ಅದೇ ಪುಟದ ಪಟ್ಟಿಯಲ್ಲಿ ಸ್ಥಿತಿ ನೋಡುತ್ತಿರಬಹುದು.