ಗ್ರಾಂನಿಂದ ಗ್ರಾಂಗೆ ಹೋಗುವ ದಾರಿ ಮೋಲ್ ಮೂಲಕವೇ

ರಾಸಾಯನಿಕ ಸಮೀಕರಣದಲ್ಲಿ ಪ್ರತಿ ವಸ್ತುವಿನ ಮುಂದೆ ಬರೆಯುವ ಗುಣಾಂಕ ಮೋಲ್‌ಗಳ ಲೆಕ್ಕ, ಗ್ರಾಂಗಳದ್ದಲ್ಲ. ಮೋಲ್ ಎಂದರೆ ಡಜನ್ ಇದ್ದಂತೆ, ಕಣಗಳ ಒಂದು ನಿಗದಿತ ಎಣಿಕೆ. ಅದಕ್ಕೇ ಕೊಟ್ಟ ಗ್ರಾಂಗಳನ್ನು ಮೊದಲು ಮೋಲ್ ಮಾಡಿಕೊಳ್ಳಬೇಕು, ಅನುಪಾತವನ್ನು ಅಲ್ಲೇ ಹಾಕಬೇಕು, ಆಮೇಲೆ ಗ್ರಾಂಗೆ ಮರಳಬೇಕು.

ಅಮೋನಿಯಾ ಉಂಟಾಗುವ ಕ್ರಿಯೆಯನ್ನೇ ನೋಡಿ. ಸರಿದೂಗಿಸಿದ ಸಮೀಕರಣ:

1 ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯಾ

ಎರಡೂ ಅನಿಲಗಳ ಅಣುವಿನಲ್ಲಿ ತಲಾ ಎರಡು ಪರಮಾಣುಗಳಿವೆ. ಆದ್ದರಿಂದ ನೈಟ್ರೋಜನ್‌ನ ಮೋಲಾರ್ ರಾಶಿ, ಅಂದರೆ ಒಂದು ಮೋಲ್ ತೂಗುವ ಗ್ರಾಂ, 28.02 ಗ್ರಾಂ (ಒಂದೇ ಪರಮಾಣುವಿನ ಲೆಕ್ಕದ 14.01 ಹಾಕಿದರೆ ಉತ್ತರ ಪೂರ್ತಿ ಕೆಡುತ್ತದೆ), ಹೈಡ್ರೋಜನ್‌ನದು 2.016, ಅಮೋನಿಯಾದ್ದು 17.03.

56.0 ಗ್ರಾಂ ನೈಟ್ರೋಜನ್, 15.0 ಗ್ರಾಂ ಹೈಡ್ರೋಜನ್ ಇವೆ ಎನ್ನೋಣ. ಮೋಲಾರ್ ರಾಶಿಯಿಂದ ಭಾಗಿಸಿದರೆ 2.00 ಮೋಲ್, 7.44 ಮೋಲ್. ಯಾವುದು ಮೊದಲು ಮುಗಿಯುತ್ತದೆ? ಪ್ರತಿಯೊಂದನ್ನೂ ಅದರ ಗುಣಾಂಕದಿಂದ ಭಾಗಿಸಿ: 2.00 ಮತ್ತು 2.48. ಚಿಕ್ಕದು ನೈಟ್ರೋಜನ್. ತೂಕದಲ್ಲಿ ಸುಮಾರು ನಾಲ್ಕು ಪಟ್ಟು ಇದ್ದರೂ ಮೊದಲು ಖಾಲಿಯಾಗುವುದು ಅದೇ. ಲಿಮಿಟಿಂಗ್ ರಿಯೇಜೆಂಟ್ ಎನ್ನುವುದು ಇದನ್ನೇ. ಉಳಿದ ಲೆಕ್ಕವೆಲ್ಲ ಇದರ ಮೇಲೆ.

ಅಮೋನಿಯಾ: 2.00 × 2 = 4.00 ಮೋಲ್, ಅಂದರೆ 68.1 ಗ್ರಾಂ.
ಖರ್ಚಾದ ಹೈಡ್ರೋಜನ್: 6.00 ಮೋಲ್, 12.1 ಗ್ರಾಂ. ಉಳಿದದ್ದು 2.9 ಗ್ರಾಂ.

ಈಗ ತಾಳೆ ನೋಡಿ: ಹಾಕಿದ್ದು 71.0, ಬಂದದ್ದು 68.1 + 2.9 = 71.0. ಈ ಒಂದು ಸಾಲನ್ನು ಯಾವತ್ತೂ ಬಿಡಬೇಡಿ. ಗುಣಾಂಕ 2 ಇದೆಯೆಂದು ಮೋಲಾರ್ ರಾಶಿಯನ್ನೇ 34.06 ಮಾಡಿಕೊಂಡವರಿಗೆ ಅಮೋನಿಯಾ 136 ಗ್ರಾಂ ಬರುತ್ತದೆ; ಹಾಕಿದ್ದಕ್ಕಿಂತ ಹೆಚ್ಚು ಬಂತೆಂದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನಡುವಿನ ಅಂಕಿಗಳನ್ನು ದುಂಡಗೆ ಮಾಡುವುದು ಕೊನೆಯಲ್ಲಿ ಮಾತ್ರ.

ಹರಳುಗಳಲ್ಲಿ ಎಚ್ಚರ. ನೀಲಿ ಕಾಪರ್ ಸಲ್ಫೇಟ್‌ನಲ್ಲಿ ಐದು ನೀರಿನ ಅಣುಗಳು ಸೇರಿರುತ್ತವೆ: ಮೋಲಾರ್ ರಾಶಿ 249.7. ನೀರಿಲ್ಲದ ಬಿಳಿ ಪುಡಿಯದು 159.6. ಬಾಟಲಿಯ ಲೇಬಲ್ ಓದಿಯೇ ತೂಗಿ.

ಲೆಕ್ಕದಲ್ಲಿ ಬರುವುದು ಗರಿಷ್ಠ ಪ್ರಮಾಣ. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 0.243 ಗ್ರಾಂ ಮೆಗ್ನೀಸಿಯಂ ಅನ್ನು ಜೋರು ಶಾಖ ತಡೆಯುವ ಪುಟ್ಟ ಬಟ್ಟಲಾದ ಕ್ರೂಸಿಬಲ್‌ನಲ್ಲಿ ಸುಟ್ಟರೆ 0.403 ಗ್ರಾಂ ಆಕ್ಸೈಡ್ ಆಗಬೇಕು. ಮುಚ್ಚಳವನ್ನು ಹೆಚ್ಚು ಎತ್ತಿದರೆ ಬಿಳಿ ಹೊಗೆಯಾಗಿ ಒಂದಷ್ಟು ಹೋಗುತ್ತದೆ. ಸ್ವಲ್ಪ ಲೋಹ ಗಾಳಿಯ ನೈಟ್ರೋಜನ್ ಜೊತೆ ಸೇರಿ ನೈಟ್ರೈಡ್ ಆದರೂ ತೂಕ ಇಳಿಯುತ್ತದೆ. ಕ್ರೂಸಿಬಲ್ ತಣ್ಣಗಾದ ಮೇಲೆ ಕೆಲವು ಹನಿ ನೀರು ಹಾಕಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕಾಯಿಸಿ: ನೈಟ್ರೈಡ್ ಹೈಡ್ರಾಕ್ಸೈಡ್ ಆಗಿ, ಅದು ಆಕ್ಸೈಡ್ ಆಗುತ್ತದೆ. ಸತತ ಎರಡು ತೂಕ ಒಂದೇ ಬರುವವರೆಗೆ ಕಾಯಿಸಿ, ತಣಿಸಿ, ತೂಗುತ್ತಿರಿ.